ಬಲಗಾಲು

ಲಾಗ್‌ಬುಕ್ಕಿನ ಕೊನೆಯ ಸಾಲು ನನ್ನದೇ ಕೈಬರಹ.
ನೀಲಿ ಶಾಯಿ, ಅವಸರ.
ಹದಿನೆಂಟು ನವೆಂಬರ್, ಎರಡು ಸಾವಿರದ ಒಂದು.
ಐವತ್ತು ನಿಮಿಷ. ಇಳಿತ ಎರಡು. ಷರಾ: ಸೊಳ್ಳೆ.
ಸೊಳ್ಳೆ ಎಂದು ಯಾಕೆ ಬರೆದೆನೋ ನೆನಪಿಲ್ಲ.
ಅದರ ಕೆಳಗೊಂದು ಅಚ್ಚಿನ ಗೆರೆ, ಕೂದಲಿನಷ್ಟು ತೆಳು.
ಗೆರೆಯ ಕೆಳಗೆ ಇವತ್ತು.

ಯಾರೂ ಸಾಯಲಿಲ್ಲ, ಯಾರೂ ಬೇಡವೆನ್ನಲಿಲ್ಲ.
ಆ ಡಿಸೆಂಬರಿನಲ್ಲಿ ಬ್ಯಾಂಕು ಬಾಗಿಲು ಹಾಕಿತು,
ದುಡ್ಡು ಒಳಗೆ, ನಾವು ಬೀದಿಯಲ್ಲಿ
ಬಾಣಲೆ ಬಡಿಯುತ್ತ.
ಕ್ಲಬ್ಬಿನವರು ವಿಮಾನವನ್ನು ಪರಾಗ್ವೆಯವನೊಬ್ಬನಿಗೆ ಮಾರಿದರು.
ಮುಂದಿನ ತಿಂಗಳು, ಅಂದೆ.
ಔಷಧದಂಗಡಿಗೆ ಹೊಸ ಫ್ರಿಜ್ ಬೇಕಾಯಿತು.
ಮುಂದಿನ ತಿಂಗಳು, ಅಂದೆ.
ದೆವ್ವಕ್ಕೆ ಬರೆದಿಡುವ ಹಾಗೆ ಬಾಗಿಲ ಮೇಲೆ
'ನಾಳೆ ಬಾ' ಎಂದು ಬರೆದಿಟ್ಟೆ ಆಕಾಶಕ್ಕೆ.
ಪಾಪ, ಅಕ್ಷರ ಬಲ್ಲ ಆಕಾಶ.
ದಿನಾ ಬಂದು, ಓದಿ, ಹಿಂದಿರುಗುತ್ತಿತ್ತು.

ಕಲಿಸುವ ಯಾನಿನಾಳಿಗೆ ಇಪ್ಪತ್ತಮೂರು.
ನಾನು ಸೊಳ್ಳೆ ಎಂದು ಬರೆದ ದಿನ
ಅವಳ ಬಾಯಲ್ಲಿ ಒಂದೇ ಹಲ್ಲು.
ಅವಳ ಮೊದಲ ಜ್ವರದ ಸಿರಪ್ಪು
ನನ್ನ ಕೈದಾಟಿಯೇ ಹೋಗಿರಬೇಕು.
"ದೋನ್ಯಾ ನೆಲಿದಾ, ನಿಧಾನ, ಅವಸರವಿಲ್ಲ"
ಮುದುಕರಿಗೆ ಮಾತ್ರೆ ಎಣಿಸಿ ಕೊಡುವಾಗ
ನಾನೇ ಬಳಸುವ ದನಿ ಅದು.

ರೆಕ್ಕೆಯಡಿ ಪೆಟ್ರೋಲು ಹಿಡಿದು ಬೆಳಕಿಗೆ ಎತ್ತಿದೆ.
ತಿಳಿನೀಲಿ. ನೀರಿಲ್ಲ, ಕಸವಿಲ್ಲ.
ಹೋದ ವಾರ ವೈದ್ಯರ ಮುಂದೆ ನಾನು ಎತ್ತಿಹಿಡಿದ ಸೀಸೆ
ಇಷ್ಟು ಚೊಕ್ಕವಾಗಿರಲಿಲ್ಲ.
ಆದರೂ ಸಹಿ ಹಾಕಿದರು,
ಎರಡು ಕನ್ನಡಕ ಜೊತೆಗಿರಲಿ ಎಂಬ ಷರತ್ತಿನೊಡನೆ.
ಮುಳ್ಳುಗಳಿಗೊಂದು, ದಿಗಂತಕ್ಕೊಂದು.

ಹುಲ್ಲುಹಾದಿಯ ಕೊನೆಯಲ್ಲಿ ಒಂದು ಮೊಲ,
ಮೊಟ್ಟೆ ಕಾಯುವ ಟಿಟ್ಟಿಭದ ಜೋಡಿ,
ಅವು ಬೈಯುವಷ್ಟೂ ಬೈಯಲಿ ಎಂದು ಕಾದೆವು.
ಆಮೇಲೆ ಪೂರ್ತಿ ವೇಗ.
ಮೂಗು ಎಡಕ್ಕೆ ಎಳೆಯಿತು, ಹಟದ ಕರುವಿನ ಹಾಗೆ.
"ಬಲಗಾಲು, ದೋನ್ಯಾ."
ಒತ್ತಿದೆ.
"ಬಲಗಾಲು."
ಒತ್ತಿಯೇ ಇದ್ದೇನೆ ಅಂದುಕೊಂಡಿದ್ದೆ.
ಗದ್ದಲದ ನಡುವೆ ಒಂದು ಕ್ಷಣ
ಚಕ್ರಗಳ ಗಡಗಡ ನಿಂತಿತು.
ಅಷ್ಟೇ. ಹಾರುವುದೆಂದರೆ ಮೊದಲು
ಒಂದು ಸದ್ದು ನಿಲ್ಲುವುದು.
ಮರೆತಿದ್ದೆ.

ಎಂಟುನೂರು ಅಡಿಯಿಂದ ಊರು:
ಸೋಯಾ ಹೊಲಗಳ ನಡುವೆ ಹದಿನಾಲ್ಕು ಬೀದಿ.
ಬೇರೆಯವರಿಗೆ ಸೂರುಗಳು ಕಾಣುತ್ತವೆ.
ನನಗೆ, ಅಗೋ, ಕೆಂಪು ಹೆಂಚಿನ ಮನೆ: ಸಕ್ಕರೆ, ದಿನಕ್ಕೆರಡು.
ಈಜುಕೊಳದ ಮನೆ: ನಿದ್ದೆಯ ಮಾತ್ರೆ,
ಯಾರಿಗೂ ಹೇಳಬೇಡಿ ಎಂದಿದ್ದಾರೆ, ಹೇಳಿಲ್ಲ.
ಮೂಲೆಯ ಬೇಕರಿ: ರಕ್ತದೊತ್ತಡ, ಮೂರು ತಿಂಗಳ ಸಾಲ.
ಇಷ್ಟು ಎತ್ತರದಲ್ಲಿ ಯಾರೂ ಕೆಮ್ಮುವುದಿಲ್ಲ.
ನನ್ನ ಅಂಗಡಿಯ ತಗಡಿಗೆ ತುಕ್ಕು ಹಿಡಿದಿದೆ,
ಹಸಿರು ಶಿಲುಬೆ ಹಗಲಲ್ಲೂ ಮಿನುಗುತ್ತಿದೆ,
ಆರಿಸಲು ಮರೆತಿದ್ದೇನೆ.

ಇಳಿಯುವ ಮುಂಚೆ ನನ್ನ ಕೈ ತಾನಾಗಿ
ಎರಡು ಸೀಟುಗಳ ನಡುವೆ ನೆಲಕ್ಕೆ ಹೋಯಿತು,
ಫ್ಲಾಪಿನ ಉದ್ದ ಸನ್ನೆಯನ್ನು ಹುಡುಕುತ್ತ.
ಅದು ಹಳೆಯ ವಿಮಾನದ್ದು. ಇದರಲ್ಲಿ ಎದುರಿಗೊಂದು ಸ್ವಿಚ್ಚು.
ಯಾನಿನಾ ಏನೂ ಅನ್ನಲಿಲ್ಲ.
ಗಾಳಿಯನ್ನು ಹಿಡಿದ ಕೈ
ಸ್ವಲ್ಪ ಹೊತ್ತು ಅಲ್ಲೇ ಇತ್ತು.
ಪರಾಗ್ವೆಯಲ್ಲಿ ಯಾರ ಕೈಯಲ್ಲಿದೆಯೋ ಆ ಸನ್ನೆ,
ಹಿಡಿಯ ಸವೆತ ನನ್ನದು.

ನೆಲ ಮುಟ್ಟಿದೆ. ಮತ್ತೆ ಮುಟ್ಟಿದೆ.
ಮೂರನೆಯ ಸಲ ನೆಲವೇ ಸೋತು ಹಿಡಿದುಕೊಂಡಿತು.
"ಮೂರನ್ನೂ ಬರೆಯಲೇ?" ಅಂದೆ.
ಅವಳು ನಕ್ಕು ಪೆನ್ನು ಕಸಿದು ತಾನೇ ಬರೆದಳು:
ನಲವತ್ತು ನಿಮಿಷ. ಇಳಿತ ಒಂದು.
ಷರಾ: ಬಲಗಾಲು ಸೋಮಾರಿ.

ಸಂಜೆ ಕೌಂಟರಿನ ಹಿಂದೆ ನಿಂತಿದ್ದೆ.
ಬೇಕರಿಯಾಕೆ ಬಂದು, ಹಳೆಯ ಸಾಲದ ಮಾತೆತ್ತದೆ,
ಮೂವತ್ತು ಮಾತ್ರೆ ಕೇಳಿದಳು.
ಎಣಿಸುತ್ತಿದ್ದೆ. ಹನ್ನೊಂದು, ಹನ್ನೆರಡು.
ಕೆಳಗೆ, ಯಾರಿಗೂ ಕಾಣದ ಹಾಗೆ,
ಪಾದ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.
"ಏನಾಯ್ತು, ನೆಲಿದಾ, ಕಾಲು ನೋವೇ?"
ಇಲ್ಲ, ಅಂದೆ.
ಲೆಕ್ಕ ತಪ್ಪಿತು, ಮತ್ತೆ ಒಂದರಿಂದ.